ಪುಸ್ತಕದಲ್ಲಿ ಇಲ್ಲದ ನಿಯಮ

ಜವರೇಗೌಡರಿಗೆ ನಾನು ಒಂದು ನಿಯಮ ಹೇಳಿದ್ದೆ. ಅಂಥ ನಿಯಮ ಎಲ್ಲಿಯೂ ಇರಲಿಲ್ಲ. ಬಾಯ್ಲರ್ ಬೆಸೆಯುವ ಲೈಸೆನ್ಸ್ ಬೇಕಾದರೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು — ಇಷ್ಟೇ ನಾನು ಹೇಳಿದ್ದು. ಮೊದಲ ಸಲ ಹೇಳಿದಾಗ ಅದು ನಿಜವೆಂದೇ ನಂಬಿದ್ದೆ. ಸುಳ್ಳೆಂದು ಗೊತ್ತಾದ ಮೇಲೂ ಹದಿನೆಂಟು ವರ್ಷ ಅದನ್ನು ತಿದ್ದಲಿಲ್ಲ. ಅವರು ಬೆಸೆದ ಕೊಳವೆಗಳ ಪಕ್ಕದಲ್ಲಿ ನನ್ನ ನಂಬರ್ ಹೊಡೆದೆ, ಅದರಿಂದ ಹೆಸರು ಮಾಡಿದೆ, ಹಾಸನದಲ್ಲಿ ಮನೆ ಕಟ್ಟಿಸಿದೆ, ಈಗ ಸುಖವಾಗಿದ್ದೇನೆ. ಸುಖವಾಗಿದ್ದೇನೆ ಎಂಬುದನ್ನು ಮುಚ್ಚಿಡಲು ಹೋಗುವುದಿಲ್ಲ. ತಪ್ಪು ಮಾಡಿದವನಿಗೆ ನಿದ್ದೆ ಬರುವುದಿಲ್ಲ ಅನ್ನುತ್ತಾರಲ್ಲ, ನನಗೆ ಬಂತು. ಚೆನ್ನಾಗಿಯೇ ಬಂತು. ಅದನ್ನೂ ತಪ್ಪಿನ ಲೆಕ್ಕಕ್ಕೇ ಸೇರಿಸಿಕೊಳ್ಳಿ.

ನಾನು ಹೊಳೆನರಸೀಪುರದ ಪುರೋಹಿತರ ಮನೆಯವನು. ಅಪ್ಪ ಪಂಚಾಂಗ ನೋಡಿ ಹೇಳುತ್ತಿದ್ದರು. ಸುತ್ತಲಿನ ಹಳ್ಳಿಗಳಿಂದ ಜನ ಬಂದು ಜಗಲಿಯ ಮೇಲೆ ಕೂತು, ಬಾವಿ ತೆಗೆಸಲು ಯಾವ ದಿನ, ಮಗುವಿಗೆ ಯಾವ ಅಕ್ಷರ ಎಂದು ಕೇಳುತ್ತಿದ್ದರು. ಅಪ್ಪ ಹೇಳಿದ್ದನ್ನು ಯಾರೂ ಮರುಪ್ರಶ್ನೆ ಮಾಡುತ್ತಿರಲಿಲ್ಲ. ಅಯ್ನೋರು ಪುಸ್ತಕ ನೋಡಿ ಹೇಳಿದ್ದಾರೆ ಎಂದರೆ ಮುಗಿಯಿತು. ಅಪ್ಪನಿಗೂ ಆ ಭಾರ ಗೊತ್ತಿತ್ತು. ಎಷ್ಟು ಸಣ್ಣ ವಿಷಯವಾದರೂ ಬಾಯಿಗೆ ಬಂದಂತೆ ಹೇಳಿದವರಲ್ಲ, ನೋಡಿ ಹೇಳುತ್ತೇನೆ ನಾಳೆ ಬಾ ಎನ್ನುತ್ತಿದ್ದರು. ಅಂಥವರ ಮಗ ನಾನು ಐಟಿಐ ಓದಿ ಕಬ್ಬಿಣ ಬೆಸೆಯುವ ಕೆಲಸಕ್ಕೆ ಹೋದಾಗ ಮನೆಯಲ್ಲಿ ಅಮ್ಮ ಎರಡು ದಿನ ಮಾತು ಬಿಟ್ಟಳು. ಅಪ್ಪ ಮಾತ್ರ, ಅಂತೂ ಅಗ್ನಿಯ ಸಹವಾಸ ಬಿಡಲಿಲ್ಲವಲ್ಲ ಎಂದು ನಕ್ಕರು.

ಬಾಯ್ಲರ್ ಎಂದರೆ ದೊಡ್ಡ ಮಾತೇನಲ್ಲ. ಒಂದು ಗಟ್ಟಿ ಹಂಡೆ, ಅದಕ್ಕೆ ಬೆಂಕಿ, ಒಳಗೆ ಕುದಿಯುವ ನೀರು, ಹಬೆಯನ್ನು ಹೊರಗೆ ಒಯ್ಯುವ ಕೊಳವೆಗಳು. ಭತ್ತ ಬೇಯಿಸುವ ಗಿರಣಿಗೆ ಬೇಕು, ಹಾಲು ಕಾಯಿಸುವ ಕಡೆ ಬೇಕು, ಬಟ್ಟೆಗೆ ಬಣ್ಣ ಹಾಕುವ ಕಡೆ ಬೇಕು. ಆದರೆ ಆ ಕೊಳವೆಯ ಬೆಸುಗೆ ಒಂದು ಕಡೆ ಬಿಟ್ಟುಕೊಂಡರೆ ಎದುರಿಗಿದ್ದವನ ಗತಿ ಮುಗಿದಂತೆ. ಅದಕ್ಕೇ ಸರ್ಕಾರ ಈ ಕೆಲಸವನ್ನು ಯಾರು ಬೇಕಾದರೂ ಮಾಡಲು ಬಿಡುವುದಿಲ್ಲ. ಅಧಿಕಾರಿಯ ಕಣ್ಣೆದುರು ಬೆಸೆದು ತೋರಿಸಿ, ಅದನ್ನು ಅವರು ಕತ್ತರಿಸಿ, ಬಗ್ಗಿಸಿ, ಒಳಗೆ ಬಿರುಕಿಲ್ಲವೆಂದು ಕಂಡ ಮೇಲೆ ಲೈಸೆನ್ಸ್ ಸಿಗುತ್ತದೆ. ಜೊತೆಗೊಂದು ನಂಬರ್. ಆ ನಂಬರನ್ನು ನಾವು ಬೆಸೆದ ಪ್ರತಿಯೊಂದು ಜಾಯಿಂಟ್ ಪಕ್ಕದಲ್ಲೂ ಉಕ್ಕಿನ ಅಚ್ಚಿಟ್ಟು ಸುತ್ತಿಗೆಯಿಂದ ಹೊಡೆಯಬೇಕು. ನಾಳೆ ಒಡೆದರೆ ಯಾರ ಕೈ ಎಂದು ಗೊತ್ತಾಗಬೇಕಲ್ಲ.

ನನ್ನ ನಂಬರ್ ನಾನೇ ಸಂಪಾದಿಸಿದ್ದು. ಆ ಮಟ್ಟಿಗೆ ಮೋಸವಿಲ್ಲ. ಪರೀಕ್ಷೆಯ ದಿನ ಕೈ ಕುದುರಿತ್ತು, ಪಾಸಾದೆ. ಆಮೇಲೆ ಅಷ್ಟು ಚೆನ್ನಾಗಿ ಕುದುರಿದ್ದು ಕಡಿಮೆ — ನನ್ನದು ಸುಮಾರು ಕೈ. ಕೆಲಸ ಹಿಡಿಯುವುದು, ಮಾತಾಡುವುದು, ಕಾಗದ ಪತ್ರ ಸರಿಮಾಡುವುದು, ಇದರಲ್ಲಿ ನಾನು ಗಟ್ಟಿಗ. ಬೆಂಕಿ ಹಾಕುವ ಮೊದಲು ಬಾಯ್ಲರಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಎರಡು ಮಂತ್ರ ಹೇಳಿಯೂ ಬಿಡುತ್ತಿದ್ದೆ. ವೆಲ್ಡರ್ರೂ ಅವನೇ, ಪುರೋಹಿತನೂ ಅವನೇ ಎಂದು ಗಿರಣಿ ಮಾಲೀಕರಿಗೆ ಖುಷಿಯೋ ಖುಷಿ.

ಗೌಡರನ್ನು ನಾನು ನೋಡಿದ್ದು ಅರಕಲಗೂಡಿನ ಹತ್ತಿರ ಅವರ ಊರಿನಲ್ಲಿ. ಅಲ್ಲಿ ಹೊಗೆಸೊಪ್ಪು ಬೆಳೆಯುತ್ತಾರೆ. ಸೊಪ್ಪು ಬೇಯಿಸುವ ಮನೆಗೆ ಬ್ಯಾರನ್ ಎನ್ನುತ್ತಾರೆ. ಅದರೊಳಗೆ ಬಿಸಿ ಹರಿಯಲು ತೆಳು ತಗಡಿನ ಕೊಳವೆಗಳಿರುತ್ತವೆ. ವರ್ಷ ವರ್ಷವೂ ಅವು ತೂತು ಬೀಳುತ್ತವೆ, ಸರಿಮಾಡಬೇಕು. ಗೌಡರು ಯಾರ ಹತ್ತಿರವೂ ಕಲಿತವರಲ್ಲ. ಯಾರೋ ಬಿಟ್ಟುಹೋದ ವೆಲ್ಡಿಂಗ್ ಮಷಿನ್ ಇಟ್ಟುಕೊಂಡು ತಮ್ಮ ಬ್ಯಾರನ್ನಿನ ಕೊಳವೆ ಸುಟ್ಟು ಸುಟ್ಟು ಕಲಿತಿದ್ದರು. ತೆಳು ತಗಡಿಗೆ ಬೆಂಕಿ ತಾಗಿಸಿ ತೂತು ಬೀಳದಂತೆ ಬೆಸೆಯುವುದು ಎಂಥ ಕಷ್ಟವೆಂದು ಈ ಕೆಲಸ ಮಾಡಿದವರಿಗಷ್ಟೇ ಗೊತ್ತು. ಅವರು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಎಡಗೈಯಲ್ಲಿ ಬೆಸುಗೆ ಕಡ್ಡಿಯ ಹೋಲ್ಡರ್ ಹಿಡಿದು, ಉಸಿರು ಕಟ್ಟಿ ಬೆಸೆಯುತ್ತಿದ್ದರು. ನಾನು ನೋಡುತ್ತ ನಿಂತೆ. ಹೊಟ್ಟೆಕಿಚ್ಚಾಯಿತು. ಆಮೇಲೆ ನನ್ನ ಜೊತೆ ಕೆಲಸಕ್ಕೆ ಬರುತ್ತೀರಾ ಎಂದು ಕೇಳಿದೆ.

ಬಂದರು. ಅವರು ನನಗಿಂತ ಮೂರ್ನಾಲ್ಕು ವರ್ಷ ದೊಡ್ಡವರು. ಆದರೂ ನನ್ನನ್ನು ಅಯ್ನೋರೇ ಎಂದು ಬಹುವಚನದಲ್ಲೇ ಕರೆದರು. ನಾನೂ ಗೌಡ್ರೇ ಎಂದೇ ಕರೆದೆ. ಮೊದಲ ಆರು ತಿಂಗಳಲ್ಲೇ ನನಗೆ ತಿಳಿದುಹೋಯಿತು, ಇವರಿದ್ದರೆ ನಾನು ಹೋಲ್ಡರ್ ಮುಟ್ಟುವ ಅಗತ್ಯವೇ ಇಲ್ಲ. ಅವರು ಬೆಸೆದರು, ನಾನು ನಂಬರ್ ಹೊಡೆದೆ. ನಿಯಮಕ್ಕೆ ಇದು ಒಪ್ಪದು. ಆದರೆ ಈ ಕೆಲಸದಲ್ಲಿ ಇದನ್ನು ಯಾರೂ ತಪ್ಪು ಎಂದುಕೊಳ್ಳುತ್ತಿರಲಿಲ್ಲ. ನಂಬರ್ ಒಬ್ಬರದು, ಕೈ ಒಬ್ಬರದು ಎನ್ನುವುದು ನಡೆದುಬಂದಿತ್ತು. ಅಧಿಕಾರಿ ಬರುವ ದಿನ ಕೈಯವರು ಊಟಕ್ಕೋ ಸ್ನಾನಕ್ಕೋ ಹೋಗಿಬಿಡುತ್ತಿದ್ದರು.

ಒಂದು ದಿನ ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ ಕಾಫಿ ಕುಡಿಯುವಾಗ ಗೌಡರು ಬಹಳ ಸಂಕೋಚದಿಂದ, ಆ ಲೈಸೆನ್ಸು ನನಗೂ ಮಾಡಿಸಿಕೊಡಲು ಆಗುತ್ತದೆಯೇ ಎಂದು ಕೇಳಿದರು. ನಾಲ್ಕನೇ ಕ್ಲಾಸಿಗೆ ಬಿಟ್ಟಿದ್ದವರು. ತಮ್ಮ ಹೆಸರು ಬರೆಯುತ್ತಿದ್ದರು, ಬಸ್ಸಿನ ಬೋರ್ಡು ಓದುತ್ತಿದ್ದರು, ಅಷ್ಟೇ. ನನಗೆ ಆಗ ಏನು ಗೊತ್ತಿತ್ತು ಎಂದರೆ — ಬಾಯ್ಲರ್ ಓಡಿಸುವವನಿಗೆ ಬೇರೆ ಪರೀಕ್ಷೆಯಿದೆ, ಅದಕ್ಕೆ ಓದು ಕೇಳುತ್ತಾರೆ ಎಂದು ಯಾರೋ ಹೇಳಿದ್ದರು. ಬೆಸೆಯುವವನಿಗೂ ಅದೇ ಇರಬೇಕೆಂದು ನಾನೇ ಸೇರಿಸಿಕೊಂಡಿದ್ದೆ. ನಾನು ಎಸ್ಸೆಸ್ಸೆಲ್ಸಿ ಆದವನಾದ್ದರಿಂದ ನನಗೆ ಆ ಪ್ರಶ್ನೆ ಬಂದಿರಲಿಲ್ಲ. ಪುಸ್ತಕ ನೋಡಿ ಹೇಳುತ್ತೇನೆ ಅನ್ನಬಹುದಿತ್ತು. ಅನ್ನಲಿಲ್ಲ.

“ಎಸ್ಸೆಸ್ಸೆಲ್ಸಿ ಪಾಸಾಗಿರ್ಬೇಕು ಗೌಡ್ರೇ. ರೂಲ್ಸಲ್ಲೇ ಇದೆ.”

ಅವರು ತಲೆಯಾಡಿಸಿದರು. ಹೌದಲ್ಲವೇ, ಇರಲೇಬೇಕು, ಇಷ್ಟು ದೊಡ್ಡ ಕೆಲಸಕ್ಕೆ ಓದಿಲ್ಲದವರನ್ನು ಹೇಗೆ ಬಿಡುತ್ತಾರೆ ಎಂಬರ್ಥದಲ್ಲಿ ಏನೋ ಹೇಳಿದರು. ಮತ್ತೆ ಆ ಮಾತು ಎತ್ತಲಿಲ್ಲ. ನಾನು ಹೇಳಿದ ಮೇಲೆ ಇನ್ನೊಬ್ಬರನ್ನು ಕೇಳುವ ಯೋಚನೆಯೂ ಅವರಿಗೆ ಬರಲಿಲ್ಲ. ಅಯ್ನೋರು ಓದಿ ಹೇಳಿದ್ದಾರಲ್ಲ.

ಅಲ್ಲಿಗೆ ಅದು ಬರೀ ತಪ್ಪು ತಿಳಿವಳಿಕೆ. ಅಲ್ಲಿಯೇ ನಿಂತಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ.

ಆರು ವರ್ಷ ಕಳೆದವು. ಒಳ್ಳೆಯ ವರ್ಷಗಳು, ಸುಳ್ಳು ಹೇಳಲಾರೆ. ಹಾಸನ, ಅರಕಲಗೂಡು, ಚನ್ನರಾಯಪಟ್ಟಣ ಎಂದು ಸುತ್ತಿದೆವು. ಗೌಡರು ಬುತ್ತಿ ತಂದರೆ ನನಗೂ ರೊಟ್ಟಿ ಇರುತ್ತಿತ್ತು. ನನ್ನ ಮನೆಯ ಪುಳಿಯೋಗರೆ ಅವರಿಗೆ ಪ್ರಾಣ. ತಡವಾಗಿ ಹುಟ್ಟಿದ ಒಬ್ಬಳೇ ಮಗಳು ಪವಿತ್ರಳ ಸುದ್ದಿ ಹೇಳುತ್ತಲೇ ಅವರ ದಾರಿ ಸವೆಯುತ್ತಿತ್ತು. ಆಗ ಹೊಳೆನರಸೀಪುರದಲ್ಲಿ ಒಂದು ಅಕ್ಕಿ ಗಿರಣಿಯ ಕೆಲಸ ಬಂತು. ನನ್ನ ಊರು, ನನ್ನ ಜನ. ಬಾಯ್ಲರ್ ಕೂಡಿಸಿ ಮುಗಿಸಿದೆವು. ನೀರು ತುಂಬಿ ಒತ್ತಡ ಏರಿಸಿ ಸೋರುತ್ತದೆಯೇ ನೋಡಲು ಅಧಿಕಾರಿ ಬಂದರು. ಗೌಡರು ಎಂದಿನಂತೆ ಟವಲ್ ಹೆಗಲಿಗೆ ಹಾಕಿಕೊಂಡು ಹೊಳೆಗೆ ಸ್ನಾನಕ್ಕೆ ಹೋದರು.

ಆ ಅಧಿಕಾರಿ ಹೆಚ್ಚು ಮಾತಿನವರಲ್ಲ. ಒತ್ತಡ ಏರಿದ ಮೇಲೆ ಬಟ್ಟೆಯ ತುಂಡಿನಿಂದ ಒಂದೊಂದೇ ಜಾಯಿಂಟ್ ಒರೆಸಿ ನೋಡಿದರು. ಒಂದು ಹನಿ ಇಲ್ಲ. ನಾನು ಉಬ್ಬಿಕೊಂಡು ನಿಂತಿದ್ದೆ. ಅವರು ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು, ಒಂದು ಬೆಸುಗೆಯನ್ನು ಬಹಳ ಹೊತ್ತು ನೋಡಿದರು. ಬೆಸೆದ ಕಡೆ ಸಣ್ಣ ಸಣ್ಣ ಅಲೆಗಳು ಬೀಳುತ್ತವೆ, ಕೈ ಯಾವ ಕಡೆ ಸಾಗಿತೆಂದು ಬಲ್ಲವರಿಗೆ ಅದರಿಂದ ತಿಳಿಯುತ್ತದೆ. ಅಷ್ಟರಲ್ಲಿ ನಾನು ಕಾಗದಕ್ಕೆ ಬಲಗೈಯಲ್ಲಿ ಸಹಿ ಮಾಡುತ್ತಿದ್ದೆ. ಅವರು ನನ್ನ ಕೈ ನೋಡಿದರು.

ಇದನ್ನು ನೀವೇ ಬೆಸೆದಿರಾ ಎಂದರು. ಹೌದು ಸಾರ್ ಎಂದೆ. ಎಡಗೈಯಲ್ಲೇ ಎಂದರು. ಜಾಗ ಇಕ್ಕಟ್ಟು ಸಾರ್, ಎಡಗೈ ಹಾಕಬೇಕಾಯಿತು ಎಂದೆ. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಲೈಸೆನ್ಸ್ ಕಿತ್ತುಕೊಂಡರೆ ಮುಂದೇನು ಎಂದು ಆ ಕ್ಷಣದಲ್ಲಿ ಏನೇನೋ ಯೋಚನೆ. ಅವರು ಕೂಗಾಡಲಿಲ್ಲ. ಸಹಿ ಮಾಡಿದರು, ಪೆನ್ನು ಜೇಬಿಗಿಟ್ಟರು. ಆಮೇಲೆ ಹೇಳಿದ ಮಾತು ನನಗೆ ಇವತ್ತಿಗೂ ಅಕ್ಷರ ಅಕ್ಷರ ನೆನಪಿದೆ.

“ನೀವು ಅಂದ ಮೇಲೆ ನೀವೇ. ಆದರೆ ಇಂಥ ಕೈ ನನ್ನ ಸರ್ವೀಸಲ್ಲಿ ಎರಡೋ ಮೂರೋ ನೋಡಿದ್ದೀನಿ. ನಿಮಗೆ ಗೊತ್ತಿರೋ ಎಡಗೈಯವರು ಯಾರಾದ್ರೂ ಇದ್ರೆ ಪರೀಕ್ಷೆಗೆ ಕಳಿಸಿ. ಓದು ಬರಹ ನಾವೇನೂ ಕೇಳೋಲ್ಲ. ಕೈ ನೋಡ್ತೀವಿ.”

ಅವರ ಜೀಪು ಹೋಯಿತು. ಸ್ವಲ್ಪ ಹೊತ್ತಿಗೆ ಗೌಡರು ಒದ್ದೆ ತಲೆ ಒರೆಸಿಕೊಳ್ಳುತ್ತ ಬಂದರು. ಏನಂದರು ಎಂದು ಕೇಳಿದರು. ನೋಡಿ, ಇಲ್ಲಿ — ಇಲ್ಲಿ ನಾನು ಬಾಯಿ ತೆರೆದರೆ ಮುಗಿಯುತ್ತಿತ್ತು. ಒಂದೇ ವಾಕ್ಯ. ಗೌಡ್ರೇ, ನಾನು ತಪ್ಪು ಹೇಳಿದ್ದೆ, ಎಸ್ಸೆಸ್ಸೆಲ್ಸಿ ಬೇಡವಂತೆ.

“ಸರಿಯಿದೆ ಅಂದ್ರು” ಎಂದೆ.

“ಅಷ್ಟೇನಾ?”

“ಅಷ್ಟೇ.”

ಅವರು ಮುಖ ಅರಳಿಸಿಕೊಂಡೇ ಸಾಮಾನು ಕಟ್ಟಲು ಹೋದರು. ಸೋರಲಿಲ್ಲ ಎಂಬುದೇ ಅವರಿಗೆ ಸಾಕಾಗಿತ್ತು.

ಅಧಿಕಾರಿ ಬಾಯಿಮಾತಿಗೆ ಹಾಗೆ ಅಂದಿರಬಹುದೆಂದು ನನಗೆ ನಾನೇ ಹೇಳಿಕೊಂಡೆ. ಅದಕ್ಕಾಗಿಯೇ ಆ ನಿಯಮದ ಪುಸ್ತಕ ತರಿಸಿದೆ. ದಪ್ಪ ಇಂಗ್ಲಿಷ್ ಪುಸ್ತಕ. ಬೆಸೆಯುವವರ ಭಾಗವನ್ನು ಬೆರಳಿಟ್ಟು ಸಾಲು ಸಾಲಾಗಿ ಓದಿದೆ. ವಯಸ್ಸಿನ ಮಾತಿತ್ತು. ಅನುಭವದ ಮಾತಿತ್ತು. ಯಾವ ಯಾವ ತುಂಡು ಹೇಗೆ ಬೆಸೆಯಬೇಕು, ಹೇಗೆ ಬಗ್ಗಿಸಿ ನೋಡಬೇಕು ಎಂದು ಪುಟಗಟ್ಟಲೆ ಇತ್ತು. ಎಸ್ಸೆಸ್ಸೆಲ್ಸಿಯ ಮಾತು ಎಲ್ಲಿಯೂ ಇರಲಿಲ್ಲ. ಪುಸ್ತಕ ಮುಚ್ಚಿ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಮನೆಯಲ್ಲಿ ಯಾರೂ ಅದನ್ನು ಓದುವವರಿರಲಿಲ್ಲ, ಆದರೂ ಬೀಗ ಹಾಕಿದೆ.

ಏಕೆ ಹೇಳಲಿಲ್ಲ? ಲೈಸೆನ್ಸ್ ಸಿಕ್ಕರೆ ಗೌಡರು ನನ್ನ ಜೊತೆ ಏಕಿರಬೇಕು? ಸ್ವಂತ ನಂಬರ್ ಹೊಡೆದುಕೊಂಡು ಸ್ವಂತ ಕೆಲಸ ಹಿಡಿಯುತ್ತಾರೆ. ಆಗ ನನ್ನ ನಂಬರಿನ ಪಕ್ಕದಲ್ಲಿ ನನ್ನದೇ ಸುಮಾರು ಬೆಸುಗೆ ಇರುತ್ತದೆ. ಅಷ್ಟೇ ಕಾರಣ. ಅವರಿಗೆ ನಾನು ಒಳ್ಳೆಯದನ್ನೂ ಮಾಡಿದ್ದೇನೆ — ಎಂದು ಬರೆಯಲು ಹೋಗಿ ಆ ಸಾಲು ಹೊಡೆದುಹಾಕಿದೆ. ಅದು ಇಲ್ಲಿಗೆ ಸಂಬಂಧವಿಲ್ಲ.

ಮರುವರ್ಷ ಹಾಸನದ ಹೊರಗೆ ಒಂದು ದೊಡ್ಡ ಕಾರ್ಖಾನೆಯ ಕೆಲಸ ಸಿಕ್ಕಿತು. ಅಲ್ಲಿ ಶಿಸ್ತು ಜಾಸ್ತಿ. ಲೈಸೆನ್ಸ್ ಇದ್ದವರ ಪಟ್ಟಿ ಗೇಟಿನಲ್ಲಿತ್ತು. ಪಟ್ಟಿಯಲ್ಲಿ ಹೆಸರಿಲ್ಲದವರು ಬಾಯ್ಲರ್ ಮನೆಯೊಳಗೆ ಕಾಲಿಡುವಂತಿಲ್ಲ. ಗೌಡರು ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ಕೂತು ಕೊಳವೆಗಳ ತುದಿ ಉಜ್ಜಿ ಉಜ್ಜಿ ಕೊಟ್ಟರು. ಮೂರು ತಿಂಗಳು. ಒಳಗೆ ಬೆಸೆಯಲು ನಾನೊಬ್ಬನೇ. ಅಲ್ಲಿ ಬೆಸುಗೆಗೆ ಎಕ್ಸ್‌ರೇ ತೆಗೆಯುತ್ತಾರೆ. ನನ್ನ ಮೂರು ಜಾಯಿಂಟ್ ಫೇಲಾದವು. ಕಡಿದು ಮತ್ತೆ ಬೆಸೆದೆ, ಅದರಲ್ಲೂ ಒಂದು ಫೇಲಾಯಿತು. ಮಧ್ಯಾಹ್ನ ಊಟಕ್ಕೆ ಹೊರಗೆ ಬಂದು ಗೌಡರ ಪಕ್ಕದಲ್ಲಿ ಕೂತಾಗ ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು.

“ನನ್ನ ಒಂದ್ಸಲ ಒಳೀಕ್ ಬುಟ್ಟಿದ್ರೆ ಆಗೋಗದು ಅಯ್ನೋರೇ. ಏನ್ ಮಾಡದು, ಓದ್ನಿಲ್ವಲ್ಲ ನಾನು.”

ತಮ್ಮನ್ನೇ ಹಳಿದುಕೊಂಡು ನಕ್ಕರು. ನಾನು ತಲೆ ಎತ್ತದೆ ಅನ್ನ ಕಲಸಿದೆ. ಆ ಮಾತು ಅವರ ಬಾಯಲ್ಲಿ ಆಮೇಲೆ ಎಷ್ಟು ಸಲ ಕೇಳಿದೆನೋ. ನೆಂಟರ ಮನೆಯಲ್ಲಿ, ಬಸ್ಸಿನಲ್ಲಿ, ಹೋಟೆಲಿನಲ್ಲಿ. ಕೈಯಲ್ಲಿ ಕೆಲಸ ಇದೆ, ತಲೆಯಲ್ಲಿ ಅಕ್ಷರ ಇಲ್ಲ, ಅದಕ್ಕೇ ಸರ್ಕಾರ ಒಪ್ಪಲಿಲ್ಲ ಎನ್ನುವರು. ನಾನು ಪಕ್ಕದಲ್ಲೇ ಇರುತ್ತಿದ್ದೆ. ಒಮ್ಮೊಮ್ಮೆ ಹೌದು ಪಾಪ ಎಂದು ತಲೆಯನ್ನೂ ಆಡಿಸಿದ್ದೇನೆ.

ಆರು ವರ್ಷದ ಹಿಂದೆ ಅವರಿಗೆ ಕಣ್ಣಿನ ಪೊರೆ ಬಂತು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಬೆಸುಗೆಯ ಬೆಳಕಿಗೆ ಇನ್ನು ಕಣ್ಣು ಕೊಡಬೇಡಿ ಎಂದು ಡಾಕ್ಟರು ಹೇಳಿದರು. ಊರಿಗೆ ಹೋಗಿ ಶುಂಠಿ ಹಾಕಿದರು. ನಾನೂ ಹೊಸ ಕೆಲಸ ಕಡಿಮೆ ಮಾಡಿದೆ. ಹಬ್ಬಕ್ಕೆ ಅವರ ಮನೆಯಿಂದ ಅವರೆಕಾಯಿ ಬರುತ್ತದೆ, ನಮ್ಮ ಮನೆಯಿಂದ ಚಕ್ಕುಲಿ ಹೋಗುತ್ತದೆ. ಎಲ್ಲ ಮುಗಿದ ಕಥೆ, ಇನ್ನು ಕೆದಕಿ ಏನು ಪ್ರಯೋಜನ ಎಂದು ಇದ್ದುಬಿಟ್ಟೆ. ಇಬ್ಬರೂ ನೆಮ್ಮದಿಯಾಗಿದ್ದೇವಲ್ಲ.

ಈ ವರ್ಷ ಪವಿತ್ರ ಬಂದಳು.

ಅಪ್ಪನ ಕೈ ಮಗಳಿಗೆ ಬಂದಿದೆ. ಹಾಸನದಲ್ಲಿ ಐಟಿಐ ಮಾಡಿ ಒಂದು ವರ್ಕ್‌ಶಾಪಿನಲ್ಲಿ ಎರಡು ವರ್ಷದಿಂದ ವೆಲ್ಡಿಂಗ್ ಮಾಡುತ್ತಿದ್ದಾಳೆ. ಬಾಯ್ಲರ್ ಲೈಸೆನ್ಸಿಗೆ ಅರ್ಜಿ ಹಾಕಬೇಕು, ತುಂಬಿಕೊಡಿ ಅಂಕಲ್ ಎಂದಳು. ತುಂಬಿಕೊಡುವ ಅಗತ್ಯವೇನೂ ಇರಲಿಲ್ಲ, ಅವಳಿಗೆ ನನಗಿಂತ ಚೆನ್ನಾಗಿ ಇಂಗ್ಲಿಷ್ ಬರುತ್ತದೆ. ದೊಡ್ಡವರನ್ನು ಒಂದು ಮಾತು ಕೇಳಬೇಕೆಂಬ ಮರ್ಯಾದೆ, ಅಷ್ಟೇ. ನಮ್ಮ ಹಜಾರದಲ್ಲಿ ಕೂತು, ಮೊಬೈಲಿನಲ್ಲಿ ನಿಯಮ ತೆಗೆದು, ಬೆರಳಿನಿಂದ ಮೇಲೆ ಕೆಳಗೆ ಮಾಡುತ್ತ ಓದಿದಳು. ಒಮ್ಮೆ ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ ತಲೆಯೆತ್ತಿದಳು. ಅವಳ ದನಿಯಲ್ಲಿ ಅನುಮಾನವಿರಲಿಲ್ಲ, ಬರೀ ಆಶ್ಚರ್ಯ.

“ಅಂಕಲ್, ಇದ್ರಲ್ಲಿ ಎಸ್ಸೆಸ್ಸೆಲ್ಸಿ ಅಂತ ಎಲ್ಲೂ ಇಲ್ವಲ್ಲ. ಅಪ್ಪಂಗೆ ಯಾಕ್ ಕೊಡ್ಲಿಲ್ಲ?”

“ಆಗ ಇತ್ತಮ್ಮ” ಎಂದೆ.

ಎಷ್ಟು ಸಲೀಸಾಗಿ ಬಂತು! ಹದಿನೆಂಟು ವರ್ಷದ ಹಿಂದೆ ಎದೆ ಹೊಡೆದುಕೊಂಡಿತ್ತು, ಈಗ ಅದೂ ಇಲ್ಲ. ಅವಳು ಓಹೋ ಎಂದು ಒಪ್ಪಿಕೊಂಡು ಅರ್ಜಿ ಮುಂದುವರಿಸಿದಳು. ನನ್ನ ಹೆಂಡತಿ ತಂದಿಟ್ಟ ಉಪ್ಪಿಟ್ಟು ತಿಂದು, ಕಾಲಿಗೆ ನಮಸ್ಕಾರ ಮಾಡಿ ಹೋದಳು. ಆ ನಮಸ್ಕಾರವನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಅಪ್ಪನಿಗೆ ಮಾಡಿದ್ದು ಹಳೆಯದು ಎಂದು ಮೂಲೆಗೆ ತಳ್ಳಿದ್ದೆ. ಮಗಳಿಗೆ ಹೇಳಿದ್ದು ಆ ದಿನದ ಸುಳ್ಳು, ಬಿಸಿಬಿಸಿ ಸುಳ್ಳು. ನಾನು ಬದಲಾಗಿದ್ದೇನೆ ಎಂದುಕೊಂಡಿದ್ದೆನಲ್ಲ, ಒಂದು ಕೂದಲೆಳೆಯಷ್ಟೂ ಬದಲಾಗಿರಲಿಲ್ಲ.

ಮೂರನೇ ದಿನ ಬೆಳಗಿನ ಬಸ್ಸಿಗೆ ಅರಕಲಗೂಡಿಗೆ ಹೊರಟೆ. ಅಲ್ಲಿಂದ ಆಟೋ. ಗೌಡರು ಮನೆಯ ಮುಂದೆ ಶುಂಠಿ ಹರವಿಕೊಂಡು ಕೂತಿದ್ದರು. ಏನು ಅಯ್ನೋರು ಹೇಳದೆ ಕೇಳದೆ ಬಂದರು ಎಂದು ಎದ್ದು, ಕೈಯ ಮಣ್ಣನ್ನು ಪಂಚೆಗೆ ಒರೆಸಿಕೊಂಡು, ಕುರ್ಚಿ ಹಾಕಿದರು. ನಾನು ಕುರ್ಚಿಯಲ್ಲಿ ಕೂರಲಿಲ್ಲ. ಅವರ ಎದುರು ಜಗಲಿಯ ಅಂಚಿನಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಬಸ್ ನಿಲ್ದಾಣದಲ್ಲಿ ಹೇಳಿದ್ದು ತಿಳಿಯದೆ. ಹೊಳೆನರಸೀಪುರದಲ್ಲಿ ಮುಚ್ಚಿಟ್ಟದ್ದು ತಿಳಿದೇ. ಪುಸ್ತಕಕ್ಕೆ ಬೀಗ ಹಾಕಿದ್ದು, ಪವಿತ್ರಳಿಗೆ ಮೊನ್ನೆ ಹೇಳಿದ್ದು. ಶುಂಠಿಯ ಬೇರಿನ ಮಣ್ಣನ್ನು ಹೆಬ್ಬೆರಳಿನಿಂದ ಕೆರೆಯುತ್ತಿದ್ದ ಅವರ ಎಡಗೈ ನಿಂತಿತ್ತು.

ಬೈಯುತ್ತಾರೆಂದು ಕಾದೆ. ಬೈದರೆ ಹಗುರಾಗಬಹುದೆಂಬ ಆಸೆಯೂ ಇತ್ತು, ಅದನ್ನೂ ಹೇಳಿಬಿಡುತ್ತೇನೆ.

“ಆ ಆಪೀಸ್ರು ಏನಂದ್ರು? ಇನ್ನೊಂದ್ಸಲ ಯೋಳಿ.”

ಹೇಳಿದೆ. ಇಂಥ ಕೈ ಎರಡೋ ಮೂರೋ ನೋಡಿದ್ದೇನೆ ಎಂದದ್ದನ್ನು ಅಧಿಕಾರಿಯ ಮಾತಿನಲ್ಲೇ ಹೇಳಿದೆ. ಗೌಡರು ಕಣ್ಣು ಮುಚ್ಚಿಕೊಂಡು ಕೇಳಿದರು. ನನಗೆ ಆಗ ಅರ್ಥವಾಯಿತು — ಲೈಸೆನ್ಸ್, ನಂಬರ್, ಸ್ವಂತ ಕೆಲಸ, ಇದೆಲ್ಲ ನಾನು ಕಸಿದುಕೊಂಡಿದ್ದೆ ಎಂದು ನನಗೆ ಮೊದಲೇ ಗೊತ್ತಿತ್ತು. ಈ ಹೊಗಳಿಕೆಯನ್ನೂ ಕಸಿದುಕೊಂಡಿದ್ದೆ ಎಂದು ಗೊತ್ತಿರಲಿಲ್ಲ. ಬಲ್ಲವರೊಬ್ಬರು ಅವರ ಬೆಸುಗೆ ನೋಡಿ ಕನ್ನಡಕ ತೆಗೆದು ಹಾಕಿಕೊಂಡಿದ್ದರು. ಅದು ಅವರಿಗೆ ಸೇರಬೇಕಾದ ಮಾತು. ಹದಿನೆಂಟು ವರ್ಷ ನನ್ನ ಹತ್ತಿರವೇ ಇತ್ತು.

ಅವರು ಒಳಗೆ ತಿರುಗಿ ಹೆಂಡತಿಯನ್ನು ಕೂಗಿದರು. ಜಯಮ್ಮ ಕಾಫಿ ಲೋಟ ಹಿಡಿದು ಬಂದರು. ಕೂತುಕೋ, ಅಯ್ನೋರು ಏನೋ ಹೇಳುತ್ತಾರೆ, ಕೇಳು ಎಂದರು ಗೌಡರು. ಮೂರನೆಯ ಸಲ ಹೇಳಿದೆ. ಜಯಮ್ಮನಿಗೆ ಹೊಗಳಿಕೆಗಿಂತ ಬೇರೆಯದು ಕಂಡಿತು. ಹಾಗಾದರೆ ಇವರಿಗೂ ಕೊಡುತ್ತಿದ್ದರೇ ಎಂದು ಕೇಳಿದರು. ಕೊಡುತ್ತಿದ್ದರು ಎಂದೆ. ಆಕೆ ಕಾಫಿ ಲೋಟವನ್ನು ನನ್ನ ಕೈಗೆ ಕೊಡದೆ ಪಕ್ಕದಲ್ಲಿಟ್ಟು ಒಳಗೆ ಹೋದರು. ಆ ಕಾಫಿ ಕುಡಿಯಬೇಕೋ ಬೇಡವೋ ನನಗೆ ತಿಳಿಯಲಿಲ್ಲ.

ಗೌಡರು ಶುಂಠಿಯನ್ನು ಮತ್ತೆ ಕೈಗೆತ್ತಿಕೊಂಡರು. ಆ ಎಸ್ಸೆಸ್ಸೆಲ್ಸಿ ಮಾತು ಮನಸ್ಸಿಗೆ ನಾಟಿಯೇ ಮಗಳನ್ನು ಬಿಡದೆ ಓದಿಸಿದ್ದು, ಅವಳು ಸ್ಕೂಲಿಗೆ ಹೋಗಲ್ಲ ಎಂದು ಅತ್ತ ದಿನಗಳಲ್ಲಿ ಹೆಗಲ ಮೇಲೆ ಹೊತ್ತು ಬಿಟ್ಟುಬಂದದ್ದು ಅದಕ್ಕೇ ಎಂದರು. ನನ್ನನ್ನು ಸಮಾಧಾನ ಮಾಡಲು ಹೇಳಿದರೋ, ತಮಗೆ ತಾವೇ ಹೇಳಿಕೊಂಡರೋ. ಆ ಮಾತನ್ನು ಹಿಡಿದುಕೊಂಡು ಬಚಾವಾಗಬೇಕೆಂದು ನನ್ನ ಮನಸ್ಸು ಒಂದು ಗಳಿಗೆ ಎದ್ದು ನಿಂತಿತು. ಕೂರಿಸಿದೆ. ಅವರು ಓದಿಸಿದ್ದು ಅವರ ದೊಡ್ಡತನ. ನನ್ನ ಸುಳ್ಳಿಗೆ ಅದರಲ್ಲಿ ಪಾಲಿಲ್ಲ.

ಕ್ಷಮಿಸಿದೆ ಎಂದು ಅವರು ಅನ್ನಲಿಲ್ಲ. ನಾನೂ ಕೇಳಲಿಲ್ಲ. ನಾನು ಬೆಸೆಯದ ಜಾಯಿಂಟುಗಳಿಗೆ ನನ್ನ ನಂಬರ್ ಹೊಡೆದದ್ದನ್ನು ಕಾಗದದಲ್ಲಿ ಬರೆದು ಇಲಾಖೆಗೆ ಕೊಡುತ್ತೇನೆ, ಆಮೇಲೆ ಅವರು ಏನು ಮಾಡಿದರೂ ಸರಿ ಎಂದೆ. ಅದು ನಿಮ್ಮ ಇಷ್ಟ ಎಂಬಂತೆ ಕೈ ಆಡಿಸಿದರು. ಆಮೇಲೆ ಜೇಬಿನಿಂದ ಮೊಬೈಲ್ ತೆಗೆದು, ಕಣ್ಣಿಂದ ದೂರ ಹಿಡಿದು, ಮಗಳ ನಂಬರ್ ಒತ್ತಿ ನನ್ನ ಕೈಗೆ ಕೊಟ್ಟರು.

“ಅವ್ಳಿಗೂ ನೀವೇ ಯೋಳ್ಬುಡಿ. ನಮ್ಮಪ್ಪ ಓದ್ದೆ ಕೆಟ್ಟ ಅನ್ಕಂಡವ್ಳೆ ಮಗಿ.”

ಅತ್ತ ಕಡೆ ವರ್ಕ್‌ಶಾಪಿನ ಗದ್ದಲ. ಅಪ್ಪಾ ಎಂದಳು. ನಾನಮ್ಮ ಎಂದೆ. ಅವಳು ಗದ್ದಲದಿಂದ ಹೊರಗೆ ಬರುವವರೆಗೆ ಕಾದೆ. ಗೌಡರು ನನ್ನ ಮುಖವನ್ನೇ ನೋಡುತ್ತಿದ್ದರು. ಇಪ್ಪತ್ತನಾಲ್ಕು ವರ್ಷದ ಸಹವಾಸದಲ್ಲಿ ಅವರು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು, ಹೇಳುತ್ತಾನೋ ಇಲ್ಲವೋ ಎಂದು ಅಳೆಯುವ ನೋಟ. ಇದುವರೆಗೆ ನನ್ನ ಮಾತನ್ನು ಅವರು ಹಾಗೆ ತೂಗಿ ನೋಡಿದವರಲ್ಲ. ಇನ್ನು ಮುಂದೆ ನೋಡುತ್ತಾರೆ. ಅದು ಸರಿಯೇ.

ಮೊನ್ನೆ ನೀನು ಕೇಳಿದೆಯಲ್ಲ, ಅದರ ವಿಷಯ ಎಂದು ಶುರುಮಾಡಿದೆ. ಅವಳಿಗೆ ತಕ್ಷಣ ನೆನಪಾಯಿತು.

“ಆಗ ಇತ್ತು ಅಂದ್ರಲ್ಲ ಅಂಕಲ್.”

“ಇರ್ಲಿಲ್ಲಮ್ಮ” ಎಂದೆ. “ಆಗ್ಲೂ ಇರ್ಲಿಲ್ಲ.”